ಎರೆಮಣ್ಣಿಗಿಳಿದ ಪಿಕಪ್ಪು

ನನ್ನ ಗಂಡನಿಗೆ ಪಿಕಪ್ ಗಾಡಿ ಎಂದರೆ ಮದುಮಗಳು. ನನಗೆ ಅದು ದಿನದ ಅನ್ನ. ಇಷ್ಟು ಅವರಿಗೆ ತಿಳಿದಿದ್ದರೆ ನಾನು ಊರಲ್ಲಿ ಬಾಯಿಬಡುಕಿ ಅನ್ನಿಸಿಕೊಳ್ಳುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಕಟಕೋಳದಿಂದ ರಾಮದುರ್ಗದ ಮಾರ್ಕೆಟ್ಟಿಗೆ ಬದನೆಕಾಯಿ, ಮೆಣಸಿನಕಾಯಿ ಒಯ್ಯುವವಳು ನಾನು. ಬಾನೆಟ್ ಎತ್ತಿ ಆಯಿಲ್ ನೋಡುವವಳು, ರೇಡಿಯೇಟರಿಗೆ ನೀರು ಹಾಕುವವಳು, ಏರ್ ಫಿಲ್ಟರಿನ ಧೂಳು ಕೊಡವುವವಳೂ ನಾನೇ. ನನ್ನ ಗಂಡ ಮಾಂತೇಶ ಅವರದು ಬರೀ ಸಿಂಗಾರ. ಬೈಲಹೊಂಗಲಕ್ಕೆ ಹೋದಾಗಲೆಲ್ಲ ಏನಾದರೊಂದು ಹೊತ್ತು ತರುತ್ತಾರೆ. ಮುಂದೆ ಕಬ್ಬಿಣದ ಗಾರ್ಡು, ತಲೆಯ ಮೇಲೆ ಸಾಲು ದೀಪ, ಎಮ್ಮೆ ಬೆದರುವಂಥ ಹಾರ್ನು, ಟೈರಿಗೆ ಗಾಳಿ ತುಂಬುವ ಪುಟ್ಟ ಪಂಪು. ಮೊಬೈಲಿನಲ್ಲಿ ಯಾರೋ ಗುಡ್ಡ ಹತ್ತುವ ವಿಡಿಯೋ ನೋಡಿ, ಮುಂದಿನ ಬಂಪರಿಗೆ ತಂತಿಹಗ್ಗ ಸುತ್ತುವ ಮೋಟಾರನ್ನೂ ಹಾಕಿಸಿದ್ದರು. ಗಾಡಿ ಸಿಕ್ಕಿಬಿದ್ದರೆ ಹಗ್ಗ ಒಯ್ದು ದೊಡ್ಡ ಗಿಡಕ್ಕೆ ಕಟ್ಟಬೇಕಂತೆ, ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದಂತೆ.

"ಬ್ರೇಕ್ ಪ್ಯಾಡ್ ಸವದಾವು, ಅದನ್ನ ಹಾಕಸ್ರಿ ಅಂದ್ರ ಇದನ್ನ ತಂದೀರಲ್ಲ! ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ," ಎಂದೆ.

"ನಿನಗ ತಿಳ್ಯಾಂಗಿಲ್ಲ, ಸುಮ್ನಿರು," ಎಂದರು. ಬ್ರೇಕ್ ಪ್ಯಾಡು ಕಡೆಗೆ ನಾನೇ ಹಾಕಿಸಿದೆ.

ಇದೆಲ್ಲದರ ನಡುವೆ ನಮ್ಮ ಅತ್ತೆ ಲಗಮವ್ವ. ಜೋಡೆತ್ತು ಮಾರಿ ಪಿಕಪ್ ತಂದ ದಿನದಿಂದ ಆ ಗಾಡಿಯ ಮೇಲೆ ಕೆಂಡ ಕಾರುತ್ತಿದ್ದರು. ಒಂದು ದಿನವೂ ಅದರಲ್ಲಿ ಕೂತವರಲ್ಲ. ಹೊಲಕ್ಕೆ ಎಡೆ ಒಯ್ಯುವ ಸೀಗಿ ಹುಣ್ಣಿಮೆ ಹತ್ತಿರ ಬಂದಾಗ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟೇಬಿಟ್ಟರು.

"ಚರಗದ ಬುಟ್ಟಿ ಹಳ್ಳದಾಚಿ ಹೊಲಕ್ಕ ಈ ಗಾಡಿ ಮುಟ್ಟಸ್ತಂದ್ರ ಇರ್ಲಿ. ನಡುದಾರ್ಯಾಗ ಕೈ ಕೊಡ್ತೋ, ದೀಪಾವಳಿಯೊಳಗ ಇದನ್ನ ಮಾರಿ ಜೋಡೆತ್ತ ತರೂದು. ನನ್ನ ಮಾತ ಅಂದ್ರ ಮಾತ."

ಹೊಲ ಅವರ ಹೆಸರಿನಲ್ಲಿದೆ, ಗಾಡಿ ತಂದದ್ದೂ ಅವರ ಎತ್ತು ಮಾರಿ. ಅವರ ಮಾತು ಮೀರುವವರು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ. ಗಾಡಿ ಹೋದರೆ ಮಾರ್ಕೆಟ್ಟೂ ಹೋಯಿತು. ಸ್ಟೇರಿಂಗ್ ಹಿಡಿದ ಕೈಗೆ ಮತ್ತೆ ಲಟ್ಟಣಿಗೆಯೊಂದೇ ಗತಿ.

ಹುಣ್ಣಿಮೆಯ ಹಿಂದಿನ ದಿನ ಮಳೆ ಹೊಡೆಯಿತು. ಬೆಳಿಗ್ಗೆ ಬಿಸಿಲು ಬಿದ್ದರೂ ಹೊಲದ ದಾರಿಯ ಕಪ್ಪು ಎರೆಮಣ್ಣು ಹಸಿಯಾಗಿಯೇ ಇತ್ತು. ಕಡಬು, ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಪುಂಡಿಪಲ್ಯದ ಬುಟ್ಟಿಗಳನ್ನು ಹೇರಿದೆವು. ಗಾಡಿಯ ಪರೀಕ್ಷೆ ಕಣ್ಣಾರೆ ನೋಡಲೆಂದು ಅತ್ತೆ ಅಂದು ಮೊದಲ ಸಲ ಹಿಂದೆ ಹತ್ತಿದರು, ಜೊತೆಗೆ ಮುನವಳ್ಳಿಯಿಂದ ಬಂದಿದ್ದ ನಾದಿನಿ ರೇಣು, ಓಣಿಯ ಹೆಂಗಸರು. ಹೊಲದಲ್ಲಿ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸುವ ತನಕ ಯಾರೂ ತುತ್ತು ಮುಟ್ಟುವಂತಿಲ್ಲ. ನಾನು ಕೀ ಹಿಡಿದು ಹೋದರೆ ಗಂಡ ಆಗಲೇ ಡ್ರೈವರ್ ಸೀಟಿನಲ್ಲಿ ಕೂತಿದ್ದಾರೆ, ಕೈಯಲ್ಲಿ ಇನ್ನೊಂದು ಕೀ!

"ಹಬ್ಬದ ದಿನ ಹೆಂಡ್ತಿ ಗಾಡಿ ಹೊಡದ್ರ ಮಂದಿ ಏನಂದಾರು? ಇವತ್ತ ನಾನ ಹೊಡಿತೇನಿ."

ಹಾರ್ನ್ ಬಡಿಯುತ್ತ ಊರು ದಾಟಿದೆವು. ಹಳ್ಳದ ಏರು ಹತ್ತುವಾಗ ಹಿಂದಿನ ಗಾಲಿಗಳು ಗಿರ್ರೆಂದು ತಿರುಗಿ ಹೂತುಕೊಂಡವು. ಗಂಡ ಇನ್ನಷ್ಟು ಎಕ್ಸಲರೇಟರ್ ಒತ್ತಿದರು. ಕೆಸರು ಹಾರಿ ರೇಣುವಿನ ಹೊಸ ಇಳಕಲ್ ಸೀರೆಗೆ ರಪ್ಪನೆ ಬಡಿಯಿತು.

"ಅಣ್ಣಾ, ನಿನ್ನ ಗಾಡಿಗೆ ಬೆಂಕಿ ಹಚ್ಚಲಿ!" ಎಂದು ಅವಳು ಚೀರಿದಳು.

ತಕ್ಷಣ ಅತ್ತೆ ಅಂದರು: "ಎಲ್ಲಾರೂ ಇಳೀರಿ, ಇಳೀರಿ. ಪಾಪ, ಭಾರ ಆತು ಅದಕ್ಕ."

ಎತ್ತಿನ ಗಾಡಿ ಹೂತರೆ ನಮ್ಮವರು ಮೊದಲು ಮಾಡುವುದೇ ಇದನ್ನು. ಎತ್ತಿಗೆ ಮರುಗಿ ಎಲ್ಲರೂ ಇಳಿಯುತ್ತಾರೆ. ಪಿಕಪ್ಪಿನಿಂದಲೂ ಹೆಂಗಸರು ದಬದಬ ಇಳಿದರು, ಬುಟ್ಟಿಗಳೂ ಇಳಿದವು. ಗಾಡಿ ಇನ್ನೂ ಜೋರಾಗಿ ಗಾಲಿ ತಿರುಗಿಸಿ ಇನ್ನೂ ಆಳಕ್ಕೆ ಹೋಯಿತು.

"ಚಿಂತಿ ಬ್ಯಾಡ, ಮೋಟರ್ ಐತಿ," ಎಂದು ಗಂಡ ತಂತಿಹಗ್ಗ ಬಿಚ್ಚಿಕೊಂಡು ನಡೆದರು. ನಡೆದು ನಿಂತರು. ಕಟ್ಟಬೇಕೆಂದರೆ ಗಿಡವೆಲ್ಲಿದೆ? ಎತ್ತ ನೋಡಿದರೂ ಮೊಳಕಾಲುದ್ದದ ಜೋಳ. ನನಗೆ ಸಿಟ್ಟೂ ಬಂತು, ನಗೆಯೂ ಬಂತು.

ಅಷ್ಟರಲ್ಲಿ ಪಕ್ಕದ ಹೊಲದ ಹಣಮಂತಪ್ಪ ಕಾಕಾ ಎತ್ತಿನ ಗಾಡಿ ಹೊಡೆದುಕೊಂಡು ಬಂದರು. ಅವರ ಗಾಡಿಗೇ ಹಗ್ಗ ಕಟ್ಟುವುದೆಂದಾಯಿತು. ಎತ್ತು ಬಿಚ್ಚಿ, ಅಲುಗಾಡದಿರಲೆಂದು ಕಾಕಾ ತಾವೇ ಗಾಡಿಯ ಮೇಲೆ ಕೂತರು. ಮೋಟಾರು ಗುಂಯ್ ಎಂದಿತು. ಪಿಕಪ್ ಕದಲಲಿಲ್ಲ. ಕಾಕಾ ಮಾತ್ರ ಗಾಡಿಸಮೇತ ನಮ್ಮ ಕಡೆ ಸವಾರಿ ಹೊರಟರು.

"ಏ ನಿಂದರಸೋ! ನನ್ನ ಯಾಕ ಎಳ್ಯಾಕ ಹತ್ತೀದಿ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ಇಳಿದು ತಲೆಯ ಪಟಗ ಸರಿಮಾಡಿಕೊಂಡು, "ವೈನಿ, ಎತ್ತ ಹೂಡಿ ಎಳದ ಬಿಡ್ತೇನಿ," ಎಂದು ಅತ್ತೆಗೆ ಹೇಳಿದರು.

ಅತ್ತೆಯ ಮುಖ ಅರಳಿತು. "ನೋಡಿದ್ಯಾ ಮಾಂತ್ಯಾ? ಕಡೀಗೆ ಎತ್ತ ಬೇಕಾದೂ."

ಎತ್ತು ಎಳೆದರೆ ಗಾಡಿ ಹೊರಗೆ ಬರುತ್ತದೆ, ನಮ್ಮ ಮನೆಯಿಂದಲೂ ಹೊರಗೆ ಹೋಗುತ್ತದೆ.

"ಕಾಕಾ, ಒಂದೀಟ ತಡೀರಿ," ಎಂದೆ. ಗಂಡನ ಕಡೆ ತಿರುಗಿ, "ನೀವು ಕೆಳಗ ಇಳೀರಿ," ಎಂದೆ. ನನ್ನ ಮುಖ ನೋಡಿ ಇಳಿದರು.

ಹಬ್ಬಕ್ಕೆಂದು ಟೈರುಗಳಿಗೆ ಕಲ್ಲಿನ ಹಾಗೆ ಗಾಳಿ ತುಂಬಿಸಿದ್ದರು ಪುಣ್ಯಾತ್ಮ. ಹಿಂದಿನ ಎರಡಕ್ಕೂ ಗಾಳಿ ಬಿಟ್ಟು ಮೆತ್ತಗೆ ಮಾಡಿದೆ. ಬದುವಿನ ಬಣವೆಯಿಂದ ಜೋಳದ ಒಣದಂಟಿನ ಕಣಿಕೆ ತಂದು ಗಾಲಿಗಳ ಕೆಳಗೆ ಒತ್ತಿ ಒತ್ತಿ ಹಾಸಿದೆ. ಆಮೇಲೆ ಎಲ್ಲರಿಗೂ ಕೂಗಿ ಹೇಳಿದೆ:

"ಎಲ್ಲಾರೂ ಮ್ಯಾಲ ಹತ್ರಿ! ಹಿಂದಿನ ಅಂಚಿಗೆ ಒತ್ತಿ ಕುಂಡ್ರಿ. ಬುಟ್ಟಿನೂ ಏರಸ್ರಿ."

ಎಲ್ಲರೂ ನನ್ನನ್ನು ಹುಚ್ಚಿಯ ಹಾಗೆ ನೋಡಿದರು.

"ಹೂತ ಗಾಡಿ ಮ್ಯಾಲ ಭಾರ ಹಾಕ್ತೀಯೇನ? ಪಾಪ ದಣದೀತು!" ಎಂದರು ಅತ್ತೆ.

"ಅತ್ತಿ, ಇದು ಎತ್ತಲ್ರಿ. ದಿನಾ ಬದನಿಕಾಯಿ ತುಂಬಕೊಂಡ ಹೋಗೂವಾಗ ಎಂಥಾ ಕೆಸರಾಗೂ ಏರತೈತಿ. ಖಾಲಿ ಬರೂವಾಗ ಜಾರತೈತಿ. ನಿಮ್ಮ ಕಾಲ ಬೀಳತೇನಿ, ಹತ್ರಿ."

ಅತ್ತೆ ನನ್ನ ಮುಖವನ್ನೇ ನೋಡಿದರು. ನನ್ನ ಕಣ್ಣಲ್ಲಿ ನೀರಿತ್ತು, ಅದು ಕಂಡಿತೋ ಏನೋ. ಸೀರೆಯ ನಿರಿಗೆ ಸಿಕ್ಕಿಸಿ, ಭೂಮಿ ಮುಟ್ಟಿ ನಮಸ್ಕಾರ ಮಾಡಿ ಮೊದಲು ಅವರೇ ಹತ್ತಿದರು. ಅವರು ಕೂತ ಮೇಲೆ ಉಳಿದವರು ಹಿಂದೆ ಬಿದ್ದರು. ಹಿಂಭಾಗ ಕುಯ್ಯೆಂದು ತಗ್ಗಿತು. ಎರಡನೇ ಗೇರಿಗೆ ಹಾಕಿ ಕ್ಲಚ್ ಮೆಲ್ಲಗೆ ಬಿಟ್ಟೆ. ಗಾಲಿ ಕಣಿಕೆ ಕಚ್ಚಿತು. ಗಾಡಿ ಒಮ್ಮೆ ಅಲುಗಿ, ಮೆಲ್ಲಗೆ ಏರು ಹತ್ತಿತು. ಹೊಲ ಬರುವ ತನಕ ನಾನು ನಿಲ್ಲಿಸಲಿಲ್ಲ. ಗಂಡ ಹಿಂದಿನಿಂದ ಕೆಸರಿನಲ್ಲಿ ಓಡುತ್ತ ಬಂದರು.

ಚರಗ ಚೆಲ್ಲಿದ್ದಾಯಿತು, ಊಟವಾಯಿತು. ಗಂಡ ತಮ್ಮ ಪುಟ್ಟ ಪಂಪು ತೆಗೆದು ಟೈರುಗಳಿಗೆ ಗಾಳಿ ತುಂಬಿದರು. ಅವರು ಕೊಂಡು ತಂದದ್ದರಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಅತ್ತೆ ಮಾತ್ರ ಗಾಡಿಯ ಸುದ್ದಿಯನ್ನೇ ಎತ್ತಲಿಲ್ಲ. ನಾನು ಬುಟ್ಟಿ ಕಟ್ಟುತ್ತ ಲೆಕ್ಕ ಹಾಕುತ್ತಿದ್ದೆ. ಹೊರಗೆ ಬಂದದ್ದು ಲೆಕ್ಕಕ್ಕೋ, ನಡುವೆ ಹೂತದ್ದು ಲೆಕ್ಕಕ್ಕೋ?

ಹೊರಡುವಾಗ ನಾನು ಹಿಂದೆ ಹತ್ತಲು ಹೋದೆ. ಅತ್ತೆ ಮುಂದಿನ ಬಾಗಿಲು ತೆಗೆಸಿಕೊಂಡು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದರು. ಗಂಡ ಡ್ರೈವರ್ ಬಾಗಿಲಿಗೆ ಕೈ ಹಾಕಿದರು.

"ನೀ ಎಲ್ಲಿ ಬಂದಿ?" ಎಂದರು ಅತ್ತೆ. "ಹಿಂದ ಹತ್ತು. ಗಾಡಿಗೆ ಹಿಂದ ಭಾರ ಬೇಕಂತ."

ರೇಣು ಕಿಸಕ್ಕನೆ ನಕ್ಕಳು. ಗಂಡ ಕೀ ನನ್ನ ಕೈಗಿತ್ತು ಹಿಂದೆ ಹೋದರು. ನಾನು ಕೂತೆ, ಗಾಡಿ ಚಾಲೂ ಮಾಡಿದೆ, ಗೇರು ಹಾಕುವ ಮೊದಲು ಅತ್ತೆಯ ಕಡೆ ತಿರುಗಿದೆ.

"ಅತ್ತಿ... ಜೋಡೆತ್ತ?" ಎಂದೆ.

"ಯಾವ ಎತ್ತ?" ಅತ್ತೆ ಮುಂದಿನ ದಾರಿಯನ್ನೇ ನೋಡುತ್ತ ಹೇಳಿದರು. "ನಾಳೆ ರಾಮದುರ್ಗಕ್ಕ ಹೋಗೂ ಮುಂದ ನನ್ನ ಎಬ್ಬಸು. ನಾನೂ ಬರತೇನಿ."