ಹೊರ್ಮುಜ್ ದಾಟಿ ಬಂದ ಕುದುರೆ

ನಾನು ಕಂದು ಬಣ್ಣದ ಒಂದು ಹೆಣ್ಣು ಕುದುರೆ. ಹುಟ್ಟಿದ್ದು ಪರ್ಷಿಯದ ಶಿರಾಜ್ ಊರಿನಾಚೆ, ಗುಡ್ಡಗಳ ನಡುವಿನ ಹುಲ್ಲುಗಾವಲಿನಲ್ಲಿ. ಕಾಲು ಗಟ್ಟಿಯಾಗುವ ಮೊದಲಿನಿಂದಲೂ ನನ್ನನ್ನು ಮೈ ತಿಕ್ಕಿ ಬೆಳೆಸಿದವನು ಬಹ್ರಾಮ್. ನೀರಿನ ಬಳಿ ನಿಲ್ಲಿಸಿ ಮೆಲ್ಲಗೆ ‘ಆಬ್’ ಎನ್ನುತ್ತಿದ್ದ. ಅವರ ಮಾತಿನಲ್ಲಿ ನೀರೆಂದರೆ ಅದೇ. ಅದು ಕಿವಿಗೆ ಬೀಳದೆ ನಾನು ತುಟಿ ಒದ್ದೆ ಮಾಡುತ್ತಿರಲಿಲ್ಲ.

ನಾಲ್ಕನೆಯ ವರ್ಷ ಹೊರ್ಮುಜ್ ಬಂದರಿನಲ್ಲಿ ನಮ್ಮನ್ನು ಹಡಗು ಹತ್ತಿಸಿದರು. ಹತ್ತಿದ್ದು ಅರವತ್ತು ಕುದುರೆ, ಭಟ್ಕಳದಲ್ಲಿ ಇಳಿದದ್ದು ನಲವತ್ತೊಂದು. ಉಳಿದವು ಸಮುದ್ರದ ಪಾಲಾದವು. ತನ್ನ ಪಾಲಿನ ನೀರಿನಲ್ಲಿ ಬಹ್ರಾಮ್ ಅರ್ಧ ಕೊಟ್ಟದ್ದರಿಂದ ನಾನು ಬದುಕಿದೆ. ಘಟ್ಟ ಹತ್ತಿ ವಿಜಯನಗರ ಸೇರಿದೆವು. ಅರಮನೆಯವರು ನನ್ನನ್ನು ಕೊಂಡು, ಲಾಯದ ಹುಲುಗಪ್ಪನ ಕೈಗೆ ಹಗ್ಗ ಕೊಟ್ಟರು.

ಮೂರು ದಿನ ನಾನು ನೀರು ಮುಟ್ಟಲಿಲ್ಲ. ಹುಲುಗಪ್ಪ ಬೆಲ್ಲ ಬೆರೆಸಿದ, ಬಾನಿ ಬದಲಿಸಿದ, ಕತ್ತು ನೀವಿದ. ಅವನಿಗೂ ಅನ್ನ ಸೇರಲಿಲ್ಲ.

“ಅರಸರ ಕುದುರಿ ಸತ್ರೆ ನಿನ್ನ ಬೆನ್ನಿನ ಚರ್ಮ ಉಳಿಯಂಗಿಲ್ಲ,” ಎಂದು ಲಾಯದ ಅಧಿಕಾರಿ ಹೇಳಿ ಹೋದ.

ಹುಲುಗಪ್ಪನ ಹೆಂಡತಿ ಸಣ್ಣೀರಮ್ಮ ನನ್ನನ್ನು ಬಹಳ ಹೊತ್ತು ನೋಡಿದಳು. “ಅದು ಹಟ ಮಾಡಾಕತ್ತಿಲ್ಲ. ನಮ್ಮ ಮಾತು ಅದಕ್ಕ ತಿಳಿವಲ್ದು. ತಂದವನ್ನ ಕರಕೊಂಡು ಬಾ,” ಎಂದಳು.

“ಅವನ ಮಾತು ನನಗೆಲ್ಲಿ ತಿಳಿತೈತಿ?”

“ಕುದುರಿ ಮುಂದ ನಿಂದ್ರಸು. ಅವನಿಗೆ ತಿಳಿತೈತಿ.”

ಬಹ್ರಾಮ್ ಊರಿಗೆ ಹಿಂದಿರುಗಲು ಕೋಟೆಯ ಬಾಗಿಲಿನವರೆಗೆ ಹೋಗಿದ್ದ. ಹುಲುಗಪ್ಪ ಅವನ ತೋಳು ಹಿಡಿದು ಎಳೆದು ತಂದ. ನನ್ನ ಒಣಗಿದ ತುಟಿ ಕಂಡು ಬಹ್ರಾಮ್ ಹಣೆಗೆ ಹಣೆ ಹಚ್ಚಿ ನಿಂತ. ಆಮೇಲೆ “ಆಬ್” ಎಂದ. ನಾನು ಬಾನಿ ಬರಿದು ಮಾಡಿದೆ.

ಎರಡನೆಯ ಬಾನಿ ಬಂದಾಗ ಅವನು ತನ್ನ ಬಾಯಿಗೆ ಕೈ ಅಡ್ಡ ಹಿಡಿದು, ಈಗ ನೀನು ಹೇಳು ಎಂಬಂತೆ ಹುಲುಗಪ್ಪನತ್ತ ನೋಡಿದ.

“ಆಪ್,” ಎಂದ ಹುಲುಗಪ್ಪ. ನಾನು ಕದಲಲಿಲ್ಲ. ಬಹ್ರಾಮ್ ತಿದ್ದಿದ. ಐದಾರು ಸಲದ ಮೇಲೆ ಮಾತು ಸರಿಯಾಗಿ ಬಿತ್ತು. ನಾನು ಕುಡಿದು ತಲೆಯೆತ್ತುವಷ್ಟರಲ್ಲಿ ಬಹ್ರಾಮ್ ಹೊರಟುಹೋಗಿದ್ದ.

ಮುಂದೆ ರಾವುತರು ಬಂದರು, ಹೋದರು. ಅಲ್ಲೇ ಮರಿ ಹಾಕಿದೆ. ಅದು ಕನ್ನಡ ಕೇಳಿಯೇ ಬೆಳೆಯಿತು. ಯುದ್ಧದಲ್ಲಿ ಅರಸರು ಸೋತು ಊರು ಬರಿದಾದ ದಿನ ಹುಲುಗಪ್ಪ ಲಾಯದ ಹಗ್ಗಗಳನ್ನೆಲ್ಲ ಬಿಚ್ಚಿದ. ಸಣ್ಣೀರಮ್ಮನನ್ನು ನನ್ನ ಮೇಲೆ ಕೂರಿಸಿ ತೆಂಕಣಕ್ಕೆ ನಡೆದ. ದಾರಿಯ ಹಳ್ಳಿಯೊಂದರಲ್ಲಿ ಗೌಡ ತಡೆದು, “ಇದು ಅರಸರ ಕುದುರಿ ಅಲ್ಲೇನು?” ಎಂದು ಕೇಳಿದ.

“ಅರಸರು ಹೋದ್ರು. ಕುದುರಿ ನಿಂತೈತಿ,” ಎಂದ ಹುಲುಗಪ್ಪ.

ಆ ಹಳ್ಳಿಯಲ್ಲೇ ಈಗ ನಮ್ಮ ವಾಸ. ನನ್ನ ಹಲ್ಲು ಸವೆದಿವೆ, ಹುಲುಗಪ್ಪನ ಹಲ್ಲೂ ಅಷ್ಟೆ. ಬೇಯಿಸಿದ ಹುರುಳಿಯನ್ನು ಸಣ್ಣೀರಮ್ಮ ಇಬ್ಬರಿಗೂ ಒಂದೇ ಒರಳಿನಲ್ಲಿ ಅರೆಯುತ್ತಾಳೆ. ಶಿರಾಜ್ ಯಾವ ದಿಕ್ಕಿಗಿದೆ ಎಂಬುದು ನನಗೆ ಮರೆತುಹೋಗಿದೆ. ಗಾಳಿ ಬೀಸಿದ ಕಡೆಗೆಲ್ಲ ಮೂಗು ಚಾಚುತ್ತಿದ್ದ ಕಾಲ ಒಂದಿತ್ತು. ಈಗ ಒರಳಿನ ಸದ್ದು ಕೇಳಿದ ಕಡೆಗೆ ತಿರುಗಿ ನಿಲ್ಲುತ್ತೇನೆ.