ಲಬೋ ಲಬೋ ಬ್ಯಾಂಡು ಮತ್ತು ನಿಲ್ಲದ ಬಸ್ಸು

ತಿರ್ಲಾಪುರದಲ್ಲಿ ಒಂದು ಕಾಲಕ್ಕೆ ಹಾರ್ಡ್‌ಕೋರ್ ಪಂಕ್ ಬ್ಯಾಂಡ್ ಇತ್ತು ಎಂದರೆ ನನ್ನ ಮಕ್ಕಳೇ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಅವರು ಫೋನಿನಲ್ಲಿ ಕೇಳುವುದನ್ನು ನಾನೂ ಹಾಡು ಎಂದು ಒಪ್ಪಿಲ್ಲ.

ನಾವು ನಾಲ್ವರು. ಕೂಗುವವನು ಈರೇಶ, ಗಿಟಾರ್ ಕೃಷ್ಣಾ, ಡ್ರಮ್ ನಿಯಾಜ್, ಬೇಸ್ ಗಿಟಾರ್ ಸಿದ್ಧಾರೂಢನಾದ ನಾನು. ಬೇಸ್ ಬಾರಿಸಿದರೆ ಯಾರಿಗೂ ಕೇಳಿಸುವುದಿಲ್ಲ, ನಿಲ್ಲಿಸಿದಾಗ ಮಾತ್ರ ಏನೋ ಕಡಿಮೆಯಾದಂತೆ ಅನ್ನಿಸುತ್ತದೆ. ಅದಕ್ಕೇ ಅದು ನಿಮಗೆ ಒಗ್ಗಿತು ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ. ಈಗ ನಾನು ನವಲಗುಂದದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ, ನಿಯಾಜ್ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ‘ಕರೆಂಟ್ ತಗದಾಂವ ಯಾವಂವಲೇ’ ಎಂಬ ಕ್ರಾಂತಿಗೀತೆ ಕಟ್ಟಿದ ಕೃಷ್ಣಾ ಈಗ ಲೈನ್‌ಮನ್ ಆಗಿ, ಊರವರ ಬಾಯಲ್ಲಿ ಅದೇ ಮಾತನ್ನು ದಿನಾ ಕೇಳಿಸಿಕೊಳ್ಳುತ್ತಾನೆ.

ಈ ಸಂಗೀತ ನಮ್ಮೂರಿಗೆ ಬಂದದ್ದು ಕೃಷ್ಣಾನ ಚೀಲದಲ್ಲಿ. ಧಾರವಾಡದ ಹಾಸ್ಟೆಲಿನಲ್ಲಿ ಅವನ ಜೊತೆಗಿದ್ದ ಮಿಜೋರಾಂ ಹುಡುಗನೊಬ್ಬ ಊರಿಗೆ ಹೋಗುವಾಗ ಒಂದು ಕ್ಯಾಸೆಟ್ ಬಿಟ್ಟು ಹೋಗಿದ್ದ. ಮೊದಲ ಸಲ ಹಾಕಿದಾಗ ಟೇಪ್ ರೆಕಾರ್ಡರ್ ಕೆಟ್ಟಿದೆ ಎಂದುಕೊಂಡು ನಿಯಾಜ್ ಅದನ್ನು ಬಿಚ್ಚಿ, ಒರೆಸಿ, ಮತ್ತೆ ಹಾಕಿದ. ಮತ್ತೆ ಅದೇ ಸದ್ದು. ಈರೇಶ ಗಲ್ಲಕ್ಕೆ ಕೈ ಕೊಟ್ಟು ಕೇಳಿ, ಇವರಿಗೆ ಯಾರ ಮೇಲೋ ಭಾಳ ಸಿಟ್ಟು ಬಂದಿದೆ ಎಂದ.

ಸಿಟ್ಟು ನಮ್ಮ ಹತ್ತಿರವೂ ಬೇಕಾದಷ್ಟಿತ್ತು. ಹುಬ್ಬಳ್ಳಿಗೆ ಹೋಗುವ ಬೆಳಗಿನ ಬಸ್ಸು ನಮ್ಮೂರಲ್ಲಿ ನಿಲ್ಲುತ್ತಿರಲಿಲ್ಲ. ಹಿಂದಿನ ಊರಲ್ಲಿ ನಿಂತು, ಕಾಲೇಜಿನ ಹುಡುಗಿಯರನ್ನು ಹತ್ತಿಸಿಕೊಂಡು, ನಾವು ಕೂಗಿ ಕೈ ಮಾಡುತ್ತಿದ್ದಂತೆ ಮುಖದ ಮೇಲೆ ಧೂಳು ಹಾರಿಸಿ ಹೋಗಿಬಿಡುತ್ತಿತ್ತು. ನಾವು ಅರ್ಧ ಫರ್ಲಾಂಗು ಬೆನ್ನು ಹತ್ತಿ, ಕೂಗಿ, ಬೈದು, ಕೊನೆಗೆ ಟಂಟಂ ರಿಕ್ಷಾ ಹಿಡಿಯುತ್ತಿದ್ದೆವು. ಈರೇಶ ಕಟ್ಟಿದ ನಮ್ಮ ಮೊದಲ ಹಾಡು ‘ನಿಲ್ಲಸಲೇ ಬಸ್ಸ’ ಹುಟ್ಟಿದ್ದು ಹಾಗೆ. ಬ್ಯಾಂಡಿಗೆ ಹೆಸರು ಹುಡುಕುವ ಕಷ್ಟವೂ ಬೀಳಲಿಲ್ಲ. ಹೋಳಿ ಹುಣ್ಣಿಮೆಗೆ ಕಾಮಣ್ಣನ ಮುಂದೆ ಬಾಯಿ ಬಡಿದುಕೊಳ್ಳುವುದರಲ್ಲಿ ಈರೇಶನನ್ನು ಮೀರಿಸುವವರು ತಾಲೂಕಿನಲ್ಲಿ ಇರಲಿಲ್ಲ. ಆದ್ದರಿಂದ ‘ಲಬೋ ಲಬೋ’.

ಅಭ್ಯಾಸಕ್ಕೆ ಮಾತ್ರ ಜಾಗ ಸಿಗಲಿಲ್ಲ. ನಿಯಾಜನ ಅಪ್ಪನದು ಮದುವೆಯ ಬ್ಯಾಂಡ್ ಕಂಪನಿ, ಹೀಗಾಗಿ ಡ್ರಮ್ ಇತ್ತು. ಆದರೆ ಯಾರ ಮನೆಯಲ್ಲಿ ಬಾರಿಸಿದರೂ ಮೂರನೇ ಏಟಿಗೆ ಯಾರಾದರೂ ಕೋಲು ಹಿಡಿದು ಬರುತ್ತಿದ್ದರು. ಕಡೆಗೆ ನಮ್ಮನ್ನು ಒಳಗೆ ಬಿಟ್ಟುಕೊಂಡವಳು ಹಿಟ್ಟಿನ ಗಿರಣಿಯ ಮೈಲಾರವ್ವ. ಅವಳದು ಡೀಸೆಲ್ ಎಂಜಿನ್ನಿನ ಗಿರಣಿ. ಅದು ಶುರುವಾದರೆ ಪಕ್ಕದಲ್ಲಿ ಸಿಡಿಲು ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಗಿರಣಿ ನಡೆಯುವಾಗ ಮಾತ್ರ ಬಾರಿಸಬೇಕು, ನಿಂತಾಗ ತೆಪ್ಪಗಿರಬೇಕು ಎಂಬುದೊಂದೇ ಅವಳ ಕರಾರು.

ಹಾಗಾಗಿ ನಮ್ಮ ಹಾಡುಗಳೆಲ್ಲ ಗಿರಾಕಿಯ ಕಾಳು ಎಷ್ಟಿದೆಯೋ ಅಷ್ಟೇ ಉದ್ದ. ಒಬ್ಬರ ಜೋಳ ಮುಗಿದು ಮೈಲಾರವ್ವ ಕಲ್ಲು ನಿಲ್ಲಿಸಿದರೆ ಹಾಡೂ ನಿಲ್ಲಬೇಕು. ಹಾರ್ಡ್‌ಕೋರ್ ಹಾಡುಗಳು ಯಾಕೆ ಅಷ್ಟು ಚಿಕ್ಕವು ಎಂದು ಲೋಕದ ಬೇರೆ ಕಡೆ ಏನು ಕಾರಣ ಹೇಳುತ್ತಾರೋ ಗೊತ್ತಿಲ್ಲ, ನಮ್ಮಲ್ಲಿ ಇದೇ ಕಾರಣ. ಖಾರ ಕುಟ್ಟುವ ದಿನ ಈರೇಶನ ದನಿ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿಯ ಘಾಟು ಗಂಟಲಿಗಿಳಿದರೆ ಯಾವ ದೇಶದ ಗಾಯಕನೂ ಅವನ ಮುಂದೆ ನಿಲ್ಲಲಾರ.

ನಾವು ತಾಳ ಹಿಡಿಯುತ್ತಿದ್ದದ್ದೂ ಎಂಜಿನ್ನಿನ ಡಗ್ ಡಗ್ ಸದ್ದಿಗೆ. ಇದರ ಪರಿಣಾಮ ತಿಳಿದದ್ದು ಹುಬ್ಬಳ್ಳಿಯಲ್ಲಿ. ಒಂದು ಕಲ್ಯಾಣ ಮಂಟಪದ ನೆಲಮಾಳಿಗೆಯಲ್ಲಿ, ಊಟದ ಟೇಬಲ್ಲುಗಳನ್ನು ಗೋಡೆಗೆ ಸರಿಸಿ, ಪುಣೆ ಬೆಂಗಳೂರಿನ ಬ್ಯಾಂಡುಗಳನ್ನೆಲ್ಲ ಕರೆಸಿದ್ದರು. ಮೂಗಿಗೆ ಪಿನ್ನು ಚುಚ್ಚಿಕೊಂಡ ಹುಡುಗರ ನಡುವೆ ನಾವು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಿಯಾಜ್ ಬಿಟ್ಟು ಮೂವರು ವಿಭೂತಿ ಹಚ್ಚಿಕೊಂಡು ನಿಂತೆವು. ಅಲ್ಲಿ ಗಿರಣಿ ಇರಲಿಲ್ಲ. ಹಾಡು ಶುರುವಾಗುತ್ತಲೇ ನಾಲ್ವರೂ ನಾಲ್ಕು ದಿಕ್ಕಿಗೆ ಹೋದೆವು. ಕೃಷ್ಣಾ ಮುಗಿಸಿದಾಗ ನಿಯಾಜ್ ಇನ್ನೂ ನಡುವಿನಲ್ಲಿದ್ದ. ಜನ ಮೈಮೇಲೆ ದೇವರು ಬಂದಂತೆ ಕುಣಿದರು. ಇಂಥ ಧೈರ್ಯದ ಸಂಗೀತ ಕೇಳಿಯೇ ಇಲ್ಲ ಎಂದು ಪುಣೆಯವನೊಬ್ಬ ನನ್ನನ್ನು ತಬ್ಬಿಕೊಂಡ. ಆವತ್ತಿನಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಿಲ್ಲ.

ಮುಂದೆ ನೌಕರಿ, ಲಗ್ನ, ಮಕ್ಕಳು ಎಂದು ಬ್ಯಾಂಡು ತಾನಾಗಿ ನಿಂತಿತು. ಉಳಿದದ್ದು ಗಿರಣಿಯಲ್ಲಿ ರೆಕಾರ್ಡ್ ಮಾಡಿದ ಒಂದು ಕ್ಯಾಸೆಟ್. ಅದರಲ್ಲಿ ಬರೀ ಗಿರಣಿ ಕೇಳಿಸುತ್ತದೆ, ಹಿಂದೆ ಎಲ್ಲೋ ಯಾರೋ ಬಾವಿಗೆ ಬಿದ್ದು ಕೂಗಿದಂತೆ ಈರೇಶ.

ಈರೇಶ ಪಿ.ಟಿ. ಮಾಸ್ತರನಾದ. ಅಷ್ಟೇ ಅಲ್ಲ, ತಾಲೂಕಿನಲ್ಲಿ ಎಲ್ಲಿ ಕಬಡ್ಡಿ ನಡೆದರೂ ಮೈಕು ಅವನ ಕೈಯಲ್ಲೇ. ಕಾಮೆಂಟರಿ ಕೇಳಲೆಂದೇ ಯರಗುಪ್ಪಿಯಿಂದ ಜನ ಗಾಡಿ ಮಾಡಿಕೊಂಡು ಬರುತ್ತಿದ್ದರು. ಅಂಥ ಗಂಟಲಿನಲ್ಲಿ ಈ ವರ್ಷ ಗಂಟು ಎದ್ದಿತು. ಹುಬ್ಬಳ್ಳಿಯ ಡಾಕ್ಟರು ಸೋಮವಾರ ಆಪರೇಶನ್ ಎಂದು ಗೊತ್ತು ಮಾಡಿದರು. ಅಲ್ಲಿಯವರೆಗೆ ಪಿಸುಮಾತೂ ಕೂಡದು, ಜೋರಾಗಿ ಒಂದು ಸಲ ಕೂಗಿದರೂ ಒಳಗೆ ಹರಿದು ರಕ್ತ ಬಂದೀತು ಎಂದರು. ಆಮೇಲಾದರೂ ದನಿ ಮೊದಲಿನಂತೆ ಬರುತ್ತದೋ ಇಲ್ಲವೋ ಹೇಳಲಾಗದು ಎಂದರು. ಈರೇಶ ಕೊರಳಲ್ಲಿದ್ದ ಸೀಟಿಯಿಂದಲೇ ಸಂಸಾರ ನಡೆಸತೊಡಗಿದ. ಒಂದು ಸೀಟಿ ಎಂದರೆ ಹೌದು, ಎರಡು ಎಂದರೆ ಅಲ್ಲ. ಅವನ ಹೆಂಡತಿ ಸುನಿತಾ ಅಂಗನವಾಡಿ ಟೀಚರು. ಇಷ್ಟು ವರ್ಷದಲ್ಲಿ ಮನೆ ಈಗ ಶಾಂತವಾಗಿದೆ ಎಂದು ಎಲ್ಲರ ಮುಂದೆ ನಗುತ್ತಿದ್ದಳು. ಆದರೆ ನನ್ನ ಹೆಂಡತಿಯ ಮುಂದೆ ಅತ್ತಿದ್ದಳಂತೆ.

ಶನಿವಾರ ನಮ್ಮ ಗುಂಪಿಗೆ ಈರೇಶನ ಮೆಸೇಜು ಬಂತು. ನಾಳೆ ಎಲ್ಲರೂ ಗಿರಣಿಗೆ ಬರಬೇಕು, ‘ನಿಲ್ಲಸಲೇ ಬಸ್ಸ’ ಒಂದೇ ಒಂದು ಸಲ ಸರಿಯಾಗಿ ರೆಕಾರ್ಡ್ ಆಗಬೇಕು, ಮಾತು ಕೇಳಿಸುವ ಹಾಗೆ. ದನಿ ಹೋಗುವುದೇ ಇದ್ದರೆ ಹಾಡಿಯೇ ಹೋಗಲಿ. ನಾನು ಫೋನಿನಲ್ಲೇ ಉಗಿದೆ. ನಿಯಾಜ್ ಹೋಗುವುದು ಬೇಡ ಎಂದ. ಕೃಷ್ಣಾ, ನಾವು ಹೋಗದಿದ್ದರೆ ಇವನು ಒಬ್ಬನೇ ನಿಂತು ಕೂಗುತ್ತಾನೆ ಎಂದ. ಅದೂ ಸುಳ್ಳಲ್ಲ. ತಡೆಯುವುದಕ್ಕಾದರೂ ಹೋಗಬೇಕೆಂದು ವಾದ್ಯಗಳ ಸಮೇತ ಹೋದೆವು.

ಮೈಲಾರವ್ವನಿಗೆ ಈಗ ಹಲ್ಲಿಲ್ಲ, ನಾಲಿಗೆ ಹಾಗೇ ಇದೆ. ಹೊಟ್ಟೆ ಬಂದ ನಾಲ್ವರನ್ನೂ ನೋಡಿ, “ಇನ್ನೂ ಕಲ್ತಿಲ್ಲೇನ್ರೋ?” ಎಂದಳು. ಗಿರಣಿಗೆ ಕರೆಂಟಿನ ಮೋಟಾರು ಬಂದು ವರ್ಷಗಳಾಗಿತ್ತು. ಅದರ ಗುಂಯ್ ಸದ್ದಿಗೆ ಬಾರಿಸಲು ನೋಡಿದರೆ ಮತ್ತೆ ಹುಬ್ಬಳ್ಳಿಯ ಕಥೆಯೇ, ಒಬ್ಬರಿಗೊಬ್ಬರು ತಾಗಲಿಲ್ಲ. ಕಡೆಗೆ ನಿಯಾಜ್ ಹಿತ್ತಲಿಗೆ ಹೋಗಿ ತಗಡಿನ ಕೆಳಗೆ ಬಿದ್ದಿದ್ದ ಹಳೆಯ ಎಂಜಿನ್ನಿಗೆ ಡೀಸೆಲ್ ಹಾಕಿ, ಏನೇನೋ ಬಿಗಿದು, ಹ್ಯಾಂಡಲ್ ತಿರುಗಿಸಿದ. ಅದು ಕೆಮ್ಮಿತು, ಕರಿ ಹೊಗೆ ಉಗುಳಿತು, ಆಮೇಲೆ ಡಗ್ ಡಗ್ ಶುರುವಾಯಿತು. ದೂರದಲ್ಲಿದ್ದುದರಿಂದ ಸದ್ದು ಹದವಾಗಿಯೂ ಇತ್ತು. ನನ್ನ ಬೆರಳು ನನ್ನನ್ನು ಕೇಳದೆ ಓಡತೊಡಗಿದವು.

ಅಷ್ಟರಲ್ಲಿ ಸುನಿತಾ ಸ್ಕೂಟಿಯ ಮೇಲೆ ಬಂದಳು. ಬೈಯುತ್ತಾಳೆ ಎಂದುಕೊಂಡರೆ ಇಲ್ಲ, ಜೋಳದ ಚೀಲದ ಮೇಲೆ ಕೈ ಕಟ್ಟಿ ಕುಳಿತಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಈರೇಶ ಅವಳ ಕಡೆ ನೋಡದೆ ಮೈಕು ಹಿಡಿದ. ನಿಯಾಜ್ ಎಣಿಸಿದ. ಕೃಷ್ಣಾ ಗಿಟಾರ್ ಎಳೆದ. ಈರೇಶನ ಕತ್ತಿನ ನರ ಉಬ್ಬಿದ್ದು ಕಂಡಿತು. ಈ ಮೂರ್ಖ ಕೂಗಿಯೇ ಬಿಡುತ್ತಾನೆ ಎಂದುಕೊಂಡೆ.

ಸುನಿತಾ ಎದ್ದು ಬಂದು ಮೈಕಿಗೆ ಕೈ ಹಾಕಿದಳು. ಅವನು ಬಿಡಲಿಲ್ಲ.

“ಬಿಡ್ರಿ. ನಾ ಒದರ್ತೀನಿ,” ಎಂದಳು.

ಅಂಗನವಾಡಿಯ ಹೆಣ್ಣುಮಗಳು, ತಲೆ ತುಂಬ ಸೆರಗು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಯಿ ತೆರೆದಳು ನೋಡಿ, ಮಾಡಿನ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು. ಒಂದೊಂದು ಮಾತೂ ಕಲ್ಲಿನಲ್ಲಿ ಕೆತ್ತಿದಂತೆ ಕೇಳಿತು.

“ನಿಲ್ಲಸಲೇ ಬಸ್ಸ, ನಿಲ್ಲಸಲೇ ಬಸ್ಸ,
ಧೂಳ ನನಗ ಬಿಟ್ಟು ಎಲ್ಲಿಗ್ಹೊಂಟಿ ಬಸ್ಸ,
ಸೀಟ ನನಗ ಬ್ಯಾಡ, ನಿಂತ ಬರ್ತೀನಿ ಬಸ್ಸ,
ಆಕಿ ಇಳಿಯೂತನಕಾ ನಿಂತ ಬರ್ತೀನಿ ಬಸ್ಸ.”

ಹಾಡು ಮುಗಿಯಿತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲ ಸಾಲು ಬಿಟ್ಟರೆ ಉಳಿದದ್ದು ಗಿರಣಿಯ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ, ಕಂಡಕ್ಟರನ ಮೇಲಿನ ಬೈಗುಳ ಎಂದೇ ನಾವು ಇಷ್ಟು ವರ್ಷ ತಿಳಿದಿದ್ದೆವು. ಕೃಷ್ಣಾ ಅಂತೂ ಹಿಂದಿನಿಂದ ದನಿಗೂಡಿಸುವಾಗ ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಿದ್ದ. ಆಕಿ ಎಂದರೆ ಯಾರು ಎಂದು ಅವನೇ ಬಾಯಿ ಬಿಟ್ಟು ಕೇಳಿದ.

“ನಾ ಅಲ್ಲ ಬಿಡ್ರಿ,” ಎಂದಳು ಸುನಿತಾ, ಏದುಸಿರು ಬಿಡುತ್ತ. “ನಮ್ಮ ಗೆಳತಿ ನಂದಾ. ಕಾಲೇಜಿಗೆ ಅದ ಬಸ್ಸಿನಾಗ ಕೂಡೇ ಹೋಗ್ತಿದ್ವಿ. ಹುಡುಗರೆಲ್ಲಾ ಕಿಟಕ್ಯಾಗ ಆಕೀನ್ನ ನೋಡ್ತಿದ್ರು. ಬಚ್ಚಲದಾಗ ಇವರು ಈ ಹಾಡ ಅನ್ನೂದ ಕೇಳಿ ಕೇಳಿ ನನಗ ಬಾಯಿಪಾಠ ಆಗೇತಿ. ಆ ಬಸ್ಸ ಒಂದ ದಿನಾ ನಿಂತಿದ್ರ ಇವರು ನನಗ ಸಿಗತಿದ್ದಿಲ್ಲ.”

ಬೇರೆ ಹುಡುಗಿಯ ಮೇಲೆ ಗಂಡ ಕಟ್ಟಿದ ಹಾಡನ್ನು, ಅವನ ಗಂಟಲು ಉಳಿಯಲೆಂದು, ತನ್ನ ಗಂಟಲು ಹರಿಯುವಂತೆ ಕೂಗಿದ್ದಳು. ಈರೇಶ ಎರಡು ಸೀಟಿ ಊದಿದ, ಮತ್ತೆ ಎರಡು, ಮತ್ತೆ ಎರಡು. ಏನು ಅಲ್ಲ, ಯಾವುದು ಅಲ್ಲ ಎಂದು ಯಾರಿಗೂ ಬಗೆಹರಿಯಲಿಲ್ಲ. ಫೋನು ತೆಗೆದು ಏನೋ ಒತ್ತಿದ, ಅಳಿಸಿದ, ಮತ್ತೆ ಒತ್ತಿ ಅಳಿಸಿ ಜೇಬಿಗಿಟ್ಟ. ಕೆಲವು ಮಾತು ಬೆರಳಿನಿಂದ ಹೇಳುವಂಥವಲ್ಲ. ಮೈಕನ್ನು ತಾನೇ ವೈರಿನಿಂದ ಬಿಚ್ಚಿ ನಿಯಾಜನ ಕೈಗೆ ಕೊಟ್ಟು, ಸುನಿತಾಳ ಸ್ಕೂಟಿಯ ಹಿಂದೆ ತೆಪ್ಪಗೆ ಕುಳಿತು ಹೋದ. ಈಗ ಅವನಿಗೆ ದನಿ ಬೇಕಾಗಿತ್ತು ಎಂಬುದು ನನಗಂತೂ ಗೊತ್ತಾಯಿತು. ಅಲ್ಲಿಯವರೆಗೆ ದನಿ ಹೋಗುತ್ತದೆಂದು ಅವನು ಸಿಟ್ಟಾಗಿದ್ದ, ಆವತ್ತಿನಿಂದ ಹೆದರಿದ.

ಆಪರೇಶನ್ ಆಯಿತು. ಇನ್ನೂ ಒಂದು ವಾರ ಮೌನ. ಅದು ಮುಗಿದ ಮೊದಲ ದಿನ ಎರಡು ಮೂರು ಮಾತು, ಮೆತ್ತಗೆ, ಅದರ ಮೇಲೆ ಒಂದೂ ಇಲ್ಲ ಎಂದು ಡಾಕ್ಟರು ಕಟ್ಟಾಜ್ಞೆ ಮಾಡಿ ಕಳಿಸಿದ್ದರು. ಆ ದಿನ ನಾವು ಮೂವರೂ ಅವನ ಮನೆಯ ಪಡಸಾಲೆಯಲ್ಲಿ ಹಾಜರ್. ಸುನಿತಾ ಗಿರಮಿಟ್ಟು, ಮಿರ್ಚಿ ಮಾಡಿದ್ದಳು. ಮೊದಲ ಮಾತು ಏನಿರುತ್ತದೆ ಎಂದು ನಾವು ತಲೆಗೊಂದರಂತೆ ಊಹಿಸಿದೆವು. ಚಹಾ ಎನ್ನುತ್ತಾನೆ ಎಂದು ನಿಯಾಜ್ ಖಾತ್ರಿಯಿಂದ ಹೇಳಿದ. ನಗುತ್ತಿದ್ದೆವು, ಆದರೆ ಯಾರೂ ತಿನ್ನುತ್ತಿರಲಿಲ್ಲ.

ಈರೇಶ ನೀರು ಕುಡಿದ. ಬಾಯಿ ತೆರೆದ. ಏನೂ ಬರಲಿಲ್ಲ. ಸುನಿತಾ ಅಡಿಗೆಮನೆಯ ಬಾಗಿಲಲ್ಲಿ ಜಾಲರಿ ಸೌಟು ಹಿಡಿದು ನಿಂತವಳು ನಿಂತೇ ಇದ್ದಳು. ಅವನು ಇನ್ನೊಮ್ಮೆ ಪ್ರಯತ್ನಿಸಿದ. ಚೀಲ ಎಳೆದಂಥ ಒಂದು ಸದ್ದು ಬಂತು, ಅದರೊಳಗಿಂದ ನಿಧಾನಕ್ಕೆ ಮಾತು ಬಂತು. ಹಳೆಯ ದನಿ ಅಲ್ಲ, ಮೆತ್ತಗಿನ, ದಪ್ಪನೆಯ, ಯಾರದೋ ದನಿ.

“ಬಸ್ಸಿನಾಗಿನಾಕಿ ನಂದಾ ಅಲ್ಲ, ಸುನಿತಾ. ನೀನ ಇದ್ದಿ.”

ತಾಲೂಕಿಗೆಲ್ಲ ಕೇಳುವಂತೆ ಒದರಿದವನಿಗೆ ಈ ಒಂದು ಮಾತನ್ನು ಮೆಲ್ಲಗೆ ಹೇಳಲು ಇಷ್ಟು ವರ್ಷ ಬೇಕಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಮಿರ್ಚಿ ಖಾರ ಎಂದು ಹೇಳಿಕೊಂಡೆ, ತಟ್ಟೆ ಮುಟ್ಟಿರಲಿಲ್ಲ. ಸುನಿತಾ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ನಾವು ಬೇರೆ ಕಡೆ ನೋಡಿದೆವು.

“ಆ ಕಂಡಕ್ಟರ್ ನಮ್ಮ ಸೋದರಮಾವ ರೀ,” ಎಂದಳು ಕೊನೆಗೆ. “ತಿರ್ಲಾಪುರದಾಗ ನಾಕ ಹುಡುಗರು ದಿನಾ ಬಸ್ಸ ಕಂಡ ಕೂಡ್ಲೇ ಕಿರಚತಾರ, ನನಗ ಅಂಜಿಕಿ ಬರ್ತೈತಿ, ನಿಲ್ಲಸಬ್ಯಾಡ ಮಾವಾ ಅಂತ ನಾನ ಹೇಳಿಟ್ಟಿದ್ದೆ.”

ನಿಯಾಜ್ ತಲೆಯ ಮೇಲೆ ಕೈ ಹೊತ್ತ. ನಮ್ಮ ಧೂಳು, ನಮ್ಮ ಟಂಟಂ, ನಮ್ಮ ಇಡೀ ಕ್ರಾಂತಿ ಹೊಸ್ತಿಲ ಮೇಲೆ ಕುಳಿತು ಕಣ್ಣೊರೆಸಿಕೊಳ್ಳುತ್ತಿತ್ತು.

“ಬೈರಿ, ಏನ ಬೈತೀರಿ ಬೈರಿ,” ಎಂದಳು ಗಂಡನಿಗೆ.

ಈರೇಶನಿಗೆ ಆವತ್ತಿಗೆ ಡಾಕ್ಟರು ಎಣಿಸಿ ಕೊಟ್ಟಿದ್ದ ಮಾತುಗಳು ಮುಗಿದಿದ್ದವು. ಅವನು ಕುಳಿತಿದ್ದ ಬಾಕಿನ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ಅವಳಿಗೆ ಜಾಗ ಮಾಡಿದ.