ಅರ್ಧ ಬೆರಳು

"ಅಕ್ಕಾ, ಇಲ್ಲಿ ಇನ್ನೂ ಸಡಿಲ ಇದೆ ನೋಡು," ಎಂದು ತಂಗಿ ಸೊಂಟದ ಹತ್ತಿರ ಹಳೇ ಅಂಗಿಯ ಬಟ್ಟೆಯನ್ನು ಚಿವುಟಿ ಹಿಡಿದಳು. ಒಂದು ಹಿಡಿ ಬಟ್ಟೆ ಕೈಗೆ ಬಂದಿತ್ತು. ಬಾಯಲ್ಲಿ ಗುಂಡುಸೂಜಿಗಳಿದ್ದುದರಿಂದ ಅಕ್ಕ "ಹೂಂ" ಎಂದಷ್ಟೇ ಅಂದಳು. ಇವಳ ಬಾಯಲ್ಲಿ ಗುಂಡುಸೂಜಿ ಇದ್ದಷ್ಟು ಹೊತ್ತೇ ನಮಗೆಲ್ಲ ನೆಮ್ಮದಿ ಎಂದು ಅವಳ ಗಂಡ ತಮಾಷೆ ಮಾಡುವುದಿತ್ತು.

ತಂಗಿಯ ಬಟ್ಟೆಗಳನ್ನು ಹೊಲಿಯುತ್ತಾ ಬಂದದ್ದು ಅಕ್ಕನೇ. ಈಗ ಕೆಲವು ತಿಂಗಳಿಂದ ಹೊಲಿಯುವುದಕ್ಕಿಂತ ಒಳಕ್ಕೆ ಹಿಡಿಯುವ ಕೆಲಸವೇ ಹೆಚ್ಚಾಗಿತ್ತು. ಸಕ್ಕರೆ ಕಾಯಿಲೆ ಇಬ್ಬರಿಗೂ ಅಮ್ಮನಿಂದ ಬಂದದ್ದು. ಅಮ್ಮ ಬಿಟ್ಟುಹೋದ ಆಸ್ತಿಯಲ್ಲಿ ಜಗಳವಿಲ್ಲದೆ ಸಮಪಾಲಾದದ್ದು ಅದೊಂದೇ. ಹಳೆಯ ಮಾತ್ರೆಗಳಿಗೆ ಇಬ್ಬರ ಸಕ್ಕರೆಯೂ ಜಗ್ಗಲಿಲ್ಲ. ಆಸ್ಪತ್ರೆಯಲ್ಲಿ ಅವುಗಳ ಜೊತೆಗೆ ಎರಡು ಹೊಸ ಔಷಧಿಗಳಲ್ಲಿ ಒಂದನ್ನು ಸೇರಿಸಿ, ಯಾವುದು ಮೇಲು ಎಂದು ಹೋಲಿಸಿ ನೋಡುತ್ತಿದ್ದರು. ಅಕ್ಕತಂಗಿಯರು ಒಟ್ಟಿಗೇ ಹೋಗಿ ಒಪ್ಪಿಕೊಂಡರು. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತಿತು. ತಂಗಿಗೆ ವಾರಕ್ಕೊಮ್ಮೆ ಚುಚ್ಚುವ ಇಂಜೆಕ್ಷನ್ ಬಂತು, ಅಕ್ಕನಿಗೆ ದಿನಕ್ಕೊಂದು ಮಾತ್ರೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚುವುದನ್ನು ಆ ಯಂತ್ರಕ್ಕೆ ಯಾರು ಕಲಿಸಿದರೋ.

ತಂಗಿಯ ಸಕ್ಕರೆ ಸರಸರನೆ ಇಳಿಯಿತು, ಜೊತೆಗೆ ಮೈಯೂ. ಅಕ್ಕನ ಸಕ್ಕರೆ ಒಲ್ಲದ ಮನಸ್ಸಿನಿಂದ ಒಂದಿಷ್ಟು ಇಳಿದು ಅಲ್ಲೇ ಕೂತಿತು. ಅವಳು ಡಾಕ್ಟರನ್ನು ಕೇಳಿಯೂ ಬಿಟ್ಟಳು.

"ನಂಗೂ ಇಂಜೆಕ್ಷನ್ನೇ ಕೊಡಿ ಡಾಕ್ಟ್ರೇ. ಸೂಜಿ ಅಂದ್ರೆ ನಂಗೇನೂ ಭಯ ಇಲ್ಲ, ಅದೇ ನನ್ನ ಹೊಟ್ಟೆಪಾಡು."

"ಮಧ್ಯದಲ್ಲಿ ಬದಲಾಯಿಸಿದ್ರೆ ಹೋಲಿಸೋದು ಹೇಗಮ್ಮಾ? ನಿಮ್ಮ ಮಾತ್ರೆನೂ ಕೆಲಸ ಮಾಡ್ತಿದೆ."

"ಅವಳಷ್ಟು ಇಳಿದಿಲ್ವಲ್ಲ."

"ಅವ್ರ ಜೊತೆ ಹೋಲಿಸ್ಕೋಬೇಡಿ. ಊಟ ಮಾತ್ರ ಬಿಡಬೇಡಿ, ಇಬ್ರಿಗೂ ಹೇಳ್ತಿದ್ದೀನಿ. ಹಸಿದ ಹೊಟ್ಟೇಲಿ ಆ ಹಳೇ ಮಾತ್ರೆ ತಗೊಂಡ್ರೆ ಸಕ್ಕರೆ ಪಾತಾಳಕ್ಕೆ ಹೋಗುತ್ತೆ."

ಹೋಲಿಸುವುದಕ್ಕೆಂದೇ ಕರೆದವರು ಹೋಲಿಸಬೇಡಿ ಎನ್ನುತ್ತಿದ್ದರು. ಅಕ್ಕನಿಗೆ ಮೈಯೆಲ್ಲ ಉರಿಯಿತು.

ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಾಲೀಕರು ಹೊಸದೊಂದು ಅಂಗಡಿ ತೆರೆದು ಅದನ್ನು ಅವಳ ಕೈಗೇ ಒಪ್ಪಿಸಿದ್ದರು. ಮೊದಲ ದಿನಕ್ಕೆಂದು ಅವಳಿಗೊಂದು ನೀಲಿ ಅಂಗಿ ಬೇಕಿತ್ತು. ಅಕ್ಕ ಅಳತೆ ತೆಗೆದು ಗುಂಡುಸೂಜಿಗಳನ್ನು ಬಾಯಿಂದ ತೆಗೆಯುವ ಹೊತ್ತಿಗೆ, ಪರದೆಯ ಬಟ್ಟೆ ಕೊಡಲು ಬಂದಿದ್ದ ಗಿರಾಕಿ ಹೆಂಗಸು ತಂಗಿಯನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಮಗಳಾ?" ಎಂದಳು. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಬ್ಬರ ನಡುವೆ ಇದ್ದದ್ದು ನಾಲ್ಕೇ ವರ್ಷದ ಅಂತರ.

ಅಂದು ಸಂಜೆ ಅಕ್ಕ ನೀಲಿ ಬಟ್ಟೆ ಕತ್ತರಿಸಿ, ಸೀಮೆಸುಣ್ಣದಲ್ಲಿ ಹೊಲಿಗೆಯ ಗೆರೆ ಎಳೆದಳು. ಎಳೆದ ಗೆರೆ ಸರಿಯಾಗಿಯೇ ಇತ್ತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ಅಂಗೈಯಿಂದ ಒರೆಸಿ, ಎರಡೂ ಬದಿಗೆ ಅರ್ಧ ಬೆರಳು ಒಳಗೆ ಇನ್ನೊಂದು ಗೆರೆ ಎಳೆದಳು. ಹೊಲಿಗೆ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಒಮ್ಮೆ ಹಿಂತಿರುಗಿ ನೋಡಿ ಆಮೇಲೆ ಮಷೀನು ತುಳಿದಳು.

ಅಂಗಿ ಒಯ್ದ ತಂಗಿ ಮನೆ ಮುಟ್ಟಿದವಳೇ ಫೋನು ಮಾಡಿದಳು. "ಬಿಗಿ ಆಗ್ತಿದೆ ಅಕ್ಕಾ. ಗುಂಡಿನೇ ಕೂರ್ತಿಲ್ಲ."

"ನಿನ್ನ ಅಳತೆಗೇ ಹೊಲಿದಿದ್ದು ಕಣೇ. ನೀನೇ ಮತ್ತೆ ತುಂಬ್ಕೊಂಡಿದ್ದೀಯೇನೋ."

"ಇರ್ಬೇಕು," ಎಂದು ತಂಗಿ ಫೋನಿಟ್ಟಳು. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ದಿನ ಊಟ ಕೂಡ ರುಚಿಸಿತು.

ಹೊಸ ಅಂಗಡಿ ತೆರೆಯುವ ಹಿಂದಿನ ದಿನ ಮಧ್ಯಾಹ್ನ ತಂಗಿ ಅಂಗಿಯ ಚೀಲ ಹಿಡಿದುಕೊಂಡು ಬಂದಳು. ಹೊಸ್ತಿಲು ದಾಟುವಾಗಲೇ ಅವಳ ಮೇಲ್ದುಟಿಯ ಮೇಲೆ ಬೆವರಿತ್ತು. "ಒಂಥರಾ ಆಗ್ತಿದೆ" ಎಂದು ಸ್ಟೂಲಿಗೆ ಕೈಚಾಚಿದಳು. ಸ್ಟೂಲು ಸಿಗಲಿಲ್ಲ. ಕತ್ತರಿಸಿದ ಬಟ್ಟೆಯ ಚೂರುಗಳ ಮೇಲೆ ಕುಸಿದು ಕುಳಿತಳು. ಬೆರಳುಗಳು ಗಡಗಡ ನಡುಗುತ್ತಿದ್ದವು.

ಅಕ್ಕನಿಗೆ ಯಾರೂ ಹೇಳಬೇಕಿರಲಿಲ್ಲ. ಟೀ ಡಬ್ಬಿಯ ಪಕ್ಕದ ಸಕ್ಕರೆ ಡಬ್ಬಿಯನ್ನು ಲೋಟಕ್ಕೆ ಬಗ್ಗಿಸಿ, ನೀರು ಸುರಿದು, ಅಳತೆಯ ಕೋಲಿನಿಂದಲೇ ಕಲಕಿ ತಂಗಿಯ ಬಾಯಿಗೆ ಹಿಡಿದಳು. "ಕುಡಿ. ಕುಡಿಯೇ, ನನ್ನ ತಾಯಿ." ಅರ್ಧ ನೀರು ಗದ್ದದ ಮೇಲೆ ಹರಿಯಿತು. ಅಮ್ಮ ಹೀಗೆಯೇ ಕುಸಿದು ಮತ್ತೆ ಏಳದೆ ಹೋದದ್ದು ಅಕ್ಕನಿಗೆ ನೆನಪಾಯಿತು. ಇವಳೊಬ್ಬಳು ಉಳಿದರೆ ಸಾಕು, ಎಷ್ಟು ಬೇಕಾದರೂ ತೆಳ್ಳಗಾಗಲಿ ಎಂದುಕೊಂಡಳು.

ನಿಧಾನವಾಗಿ ತಂಗಿಯ ಮುಖಕ್ಕೆ ಬಣ್ಣ ಬಂತು. ಅಕ್ಕ ಬಿಸ್ಕತ್ತು ಮುರಿದು ಕೈಗಿಟ್ಟಳು.

"ಏನು ತಿಂದಿದ್ದೆ?"

"ನಿನ್ನೆಯಿಂದ ಏನೂ ಇಲ್ಲ. ಮಾತ್ರೆ ಮಾತ್ರ ನುಂಗಿದ್ದೆ. ನಾಳೆಯೊಳಗೆ ಆ ಅಂಗಿ ಹಿಡಿಸ್ಬೇಕಿತ್ತಲ್ಲ."

"ಹುಚ್ಚಿ. ಮನೇಲಿ ತೂಕದ ಮಷೀನ್ ಇದೆ, ಅದನ್ನಾದ್ರೂ ನೋಡ್ಬಾರ್ದಿತ್ತಾ?"

"ನೋಡ್ದೆ. ಕಡಿಮೆನೇ ತೋರಿಸ್ತು. ಕೆಟ್ಟಿರ್ಬೇಕು ಅಂದ್ಕೊಂಡೆ." ತಂಗಿ ಬಿಸ್ಕತ್ತು ಅಗಿಯುತ್ತಾ ಸುಮ್ಮನೆ ನಕ್ಕಳು. "ಮಷೀನ್ ತಪ್ಪುತ್ತೆ. ನಿನ್ನ ಹೊಲಿಗೆ ತಪ್ಪುತ್ತಾ?"

ಅಕ್ಕ ಲೋಟ ತೊಳೆಯಲು ಎದ್ದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ವಾಪಸ್ಸು ಬಂದಾಗ ತಂಗಿ ನಿಂತಿದ್ದಳು, ಕೈಗಳನ್ನು ಬದಿಗೆ ಚಾಚಿಕೊಂಡು, ಚಿಕ್ಕಂದಿನಿಂದ ಅಳತೆಗೆ ನಿಲ್ಲುತ್ತಿದ್ದ ಹಾಗೆಯೇ.

"ಇನ್ನೊಂದ್ಸಲ ತಗೊಂಡ್ಬಿಡು. ಎಷ್ಟು ಬಿಡಿಸ್ಬೇಕೋ ಬಿಡಿಸ್ಕೊಡು."

ಅಕ್ಕ ಮಂಡಿಯೂರಿ ಅವಳ ಸೊಂಟಕ್ಕೆ ಟೇಪು ಸುತ್ತಿದಳು. ಬೇಗ ಬಿಚ್ಚಬೇಕೆಂದಿದ್ದಳು. ಅಷ್ಟರಲ್ಲಿ ತಂಗಿ ಬಗ್ಗಿ ನೋಡಿದಳು. ದಿನವಿಡೀ ಸಣ್ಣ ಅಕ್ಷರ ಓದಿಸುವ ಕೆಲಸದವಳ ಕಣ್ಣು.

"ಹೋದ್ಸಲಕ್ಕಿಂತ ಕಡಿಮೆ ಇದೆಯಲ್ಲಾ," ಎಂದಳು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಅಂಗಿ ಯಾಕೆ ಬಿಗಿಯಾಯ್ತು ಅಕ್ಕಾ?"

ಅಕ್ಕ ತಲೆಯೆತ್ತಲಿಲ್ಲ. ಪಕ್ಕದ ಡಬ್ಬಿಗೆ ಕೈಹಾಕಿ ಒಂದು ಗುಂಡುಸೂಜಿ ತೆಗೆದು ತುಟಿಗಳ ನಡುವೆ ಇಟ್ಟುಕೊಂಡಳು. ಇನ್ನೊಂದು ತೆಗೆದಳು, ಮತ್ತೊಂದು. ತಂಗಿ ಕೈಗಳನ್ನು ಚಾಚಿಕೊಂಡೇ ಕಾಯುತ್ತಿದ್ದಳು.